ನನಗೆ ಬಾಗಿಲು ತೆಗೆದ ನಂಜನಗೂಡಿನವರಿಗೆ

ಕಳೆದ ವಾರ ಅಂಗನವಾಡಿ ಕೆಲಸದಿಂದ ನಿವೃತ್ತಿಯಾದೆ. ಅರವತ್ತು ತುಂಬಿತು. ಅದರ ಜೊತೆಗೆ ಬೂತ್ ಮಟ್ಟದ ಅಧಿಕಾರಿಯ, ಅಂದರೆ ಬಿಎಲ್‌ಒ ಕೆಲಸವೂ ಮುಗಿಯಿತು. ಹದಿನೈದು ವರ್ಷಕ್ಕೂ ಜಾಸ್ತಿ ನಂಜನಗೂಡು ಪಟ್ಟಣದ ಒಂದೇ ಬೂತಿನ ಮತದಾರರ ಪಟ್ಟಿ ನನ್ನ ಕೈಯಲ್ಲಿತ್ತು. ಯಾರಿಗೆ ಹದಿನೆಂಟು ತುಂಬಿತು, ಯಾರು ಮದುವೆಯಾಗಿ ಬೇರೆ ಊರಿಗೆ ಹೋದರು, ಯಾರು ತೀರಿಕೊಂಡರು ಅಂತ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸ ಅದು. ಬೀಳ್ಕೊಡುಗೆಯ ದಿನ ಮಾತಾಡಲು ಎದ್ದು ನಿಂತೆ, ಗಂಟಲು ಕಟ್ಟಿತು. ಅವತ್ತು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ದೇವಸ್ಥಾನದ ಸುತ್ತಮುತ್ತಲಿನ ಬೀದಿಯವರಿಗೆ. ನಿಮ್ಮಲ್ಲಿ ಎಷ್ಟೋ ಮನೆಗಳಿಗೆ ವರ್ಷವಿಡೀ ಬೀಗ. ಮಕ್ಕಳು ಮೈಸೂರು, ಬೆಂಗಳೂರು ಅಂತ ಹೊರಟುಹೋಗಿದ್ದಾರೆ. ಆದರೆ ಹೆಸರು ಇಲ್ಲಿನ ಪಟ್ಟಿಯಲ್ಲೇ ಇದೆ. ಯಾರನ್ನು ಕೇಳುವುದು? ಈ ಕಷ್ಟಕ್ಕೆ ದಾರಿ ತೋರಿಸಿದ್ದು ದೇವಸ್ಥಾನದ ಮುಂದೆ ಹೂವು ಮಾರುವ ಒಬ್ಬರು ಅಕ್ಕ. "ದೊಡ್ಡ ಜಾತ್ರೆಗೆ ಬಂದೇ ಬರ್ತಾರೆ ಮಿಸ್ಸೇ, ಆಗ ಹಿಡ್ಕೊಳ್ಳಿ" ಅಂದರು. ಆಮೇಲೆ ಪ್ರತಿ ವರ್ಷ ಹಾಗೇ ಮಾಡಿದೆ. ಶ್ರೀಕಂಠೇಶ್ವರನ ಐದು ತೇರು ಎಳೆಯುವ ದಿನ ಬೀಗ ಹಾಕಿದ ಮನೆಗಳೆಲ್ಲ ತೆರೆದಿರುತ್ತಿದ್ದವು. ದೊಡ್ಡ ತೇರಾದ ಗೌತಮ ರಥ ಸ್ವಸ್ಥಾನಕ್ಕೆ ಬಂದು ನಿಂತ ಮೇಲೆ ನಾನು ಅರ್ಜಿಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಹಬ್ಬದ ಮನೆಗೆ ಬಂದ ನನ್ನನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಎಲೆ ಹಾಕಿ ಊಟ ಬಡಿಸಿದಿರಿ, ಆಮೇಲೆ ಅರ್ಜಿಗೆ ಸಹಿ ಹಾಕಿ ಹೆಸರನ್ನು ಈಗಿರುವ ಊರಿಗೆ ವರ್ಗ ಮಾಡಿಸಿಕೊಂಡಿರಿ. ಹುಟ್ಟಿದೂರಿನ ಪಟ್ಟಿಯಿಂದ ಹೆಸರು ಹೋಗುವುದು ನಿಮಗೆ ಸುಲಭವಾಗಿರಲಿಲ್ಲ. ಅದು ನನಗೆ ಗೊತ್ತು.

ಹಳ್ಳದಕೇರಿಯವರಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ? 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಿಮ್ಮ ಮನೆಗಳಿಗೆ ನುಗ್ಗಿದಳು. ನೀರು ಇಳಿದ ಮೇಲೆ ಹೋದಾಗ ರೇಷನ್ ಕಾರ್ಡು, ಶಾಲೆ ಸರ್ಟಿಫಿಕೇಟು, ವೋಟರ್ ಐಡಿ ಎಲ್ಲವನ್ನೂ ಕಲ್ಲಿನ ಮೇಲೆ ಹರಡಿ ಒಣಗಿಸುತ್ತಿದ್ದಿರಿ. ನಾನು ಆ ಬೂತಿನವಳಲ್ಲ, ಗೆಳತಿಗೆ ಜೊತೆಯಾಗಿ ಬಂದಿದ್ದೆ. ಕೆಸರು ಬಳಿಯುತ್ತಿದ್ದವರು ಪೊರಕೆ ಪಕ್ಕಕ್ಕಿಟ್ಟು ನಮಗೆ ಟೀ ತರಿಸಿದಿರಿ. ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲ, ಅಂಗಡಿಯಿಂದ ತರಿಸಿದ ಟೀ ಅದು. ಇವತ್ತಿಗೂ ಮರೆತಿಲ್ಲ.

ಈಗ ಒಂದು ತಪ್ಪಿನ ವಿಷಯ ಹೇಳಬೇಕು. 2013ರ ಮೇ 5, ವಿಧಾನಸಭೆ ಚುನಾವಣೆ. ಎಪ್ಪತ್ತು ದಾಟಿದ ಒಬ್ಬರು ಅಮ್ಮ ಬೆಳಗ್ಗೆಯೇ ಹೊಳೆಯಲ್ಲಿ ಮಿಂದು, ನಂಜುಂಡೇಶ್ವರನ ದರ್ಶನ ಮಾಡಿ, ವಿಭೂತಿ ಹಚ್ಚಿಕೊಂಡು ಬೂತಿಗೆ ಬಂದರು. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅದೇ ಬೀದಿಯಲ್ಲಿ ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದರು. ತೆಗೆಯಬೇಕಾದ ಹೆಸರು ಬಿಟ್ಟು ಇವರದನ್ನು ಗುರುತು ಮಾಡಿ ಕೊಟ್ಟಿದ್ದೆ. ಗಂಡನ ಹೆಸರು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ಪೂರ್ತಿ ನನ್ನದು. ಬದುಕಿರುವವರನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟೆನಲ್ಲ ಅಂತ ಶಾಲೆಯ ಕಾಂಪೌಂಡಿನ ಪಕ್ಕ ನಿಂತು ಅತ್ತೆ. ಆ ಅಮ್ಮನೇ ಹತ್ತಿರ ಬಂದು ನನ್ನ ಬೆನ್ನು ಸವರಿದರು. "ಬುಡವ್ವ, ಮುಂದ್ಲ ಸಲ ಹಾಕ್ತೀನಿ. ಅಲ್ಲೀಗಂಟ ನಂಜುಂಡ ನನ್ನ ಮಡಗಿರ್ತಾನೆ" ಅಂದರು.

ಮಾರನೆ ದಿನವೇ ಹೆಸರು ಸೇರಿಸುವ ನಮೂನೆ 6 ತುಂಬಿದೆ. 2014ರ ಏಪ್ರಿಲ್ 17ರಂದು ಲೋಕಸಭೆ ಚುನಾವಣೆಯಲ್ಲಿ ಅವರು ಓಟು ಹಾಕಿ, ಶಾಯಿ ಹಚ್ಚಿದ ಬೆರಳನ್ನು ನನಗೆ ತೋರಿಸಿಯೇ ಮನೆಗೆ ಹೋದರು. ಆಮೇಲೆ ಪ್ರತಿ ಚುನಾವಣೆಗೂ ಬಂದರು. 2023ರಲ್ಲಿ, 80 ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಅಂತ ಬಂದಾಗ, 12ಡಿ ನಮೂನೆ ಹಿಡಿದು ಮೊದಲು ಹೋಗಿದ್ದು ಅವರ ಮನೆಗೆ. ಬೇಡ ಅಂದರು. "ಸಾಲಲ್ಲಿ ನಿಂತ್ಕಂಡೇ ಹಾಕ್ತೀನಿ" ಅಂತ ಮೊಮ್ಮಗನ ಭುಜ ಹಿಡಿದು ಬಂದರು. ಅವರು ತೀರಿಕೊಂಡ ಮೇಲೆ ಮಗ ತಾನಾಗೇ ಬಂದು ಹೆಸರು ತೆಗೆಯುವ ನಮೂನೆ 7 ಕೊಟ್ಟರು. ಆ ಕಾಗದದಲ್ಲಿ ಗಂಡನ ಹೆಸರನ್ನು ಮೂರು ಸಲ ಓದಿದೆ. ಅಮ್ಮ, ನೀವು ಅವತ್ತು ನನ್ನ ಮೇಲೆ ಕೂಗಾಡಿದ್ದರೆ ನಾನು ಈ ಕೆಲಸ ಬಿಡುತ್ತಿದ್ದೆ.

ಅವರ ಮೊಮ್ಮಗ ಹುಟ್ಟಿದ್ದು 2004ರಲ್ಲಿ. ನನ್ನ ಅಂಗನವಾಡಿಯಲ್ಲೇ ತೂಕ ನೋಡಿದ ಮಗು. 2023ರ ಮೇ 10ರಂದು ಅವನ ಮೊದಲ ಓಟು. ಅದಕ್ಕೂ ಮೊದಲು ಹೆಸರು ಸೇರಿಸಲು ಹೋದಾಗ "ನನ್ನೊಬ್ಬನ ಓಟಿಂದ ಏನಾಗುತ್ತೆ ಮಿಸ್" ಅಂತ ಕೇಳಿದ್ದ. ನೀನು ಹುಟ್ಟಿದ ವರ್ಷವೇ ಪಕ್ಕದ ಸಂತೇಮರಹಳ್ಳಿ ವಿಧಾನಸಭೆ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ್ ಒಂದೇ ಒಂದು ಓಟಿನಿಂದ ಗೆದ್ದರು ಕಣೋ ಅಂದೆ. ಅದೇ ಧ್ರುವನಾರಾಯಣ್ ಮುಂದೆ ಎರಡು ಸಲ ನಮ್ಮ ಚಾಮರಾಜನಗರ ಕ್ಷೇತ್ರದ ಸಂಸದರಾದರು. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು ಸೋತಿದ್ದು 1,817 ಓಟುಗಳಿಂದ. ಅಷ್ಟು ದೊಡ್ಡ ಲೋಕಸಭಾ ಕ್ಷೇತ್ರದಲ್ಲಿ ಅದು ಬೂತಿಗೆ ಒಂದು ಓಟಿನ ಲೆಕ್ಕಕ್ಕೂ ಬರುವುದಿಲ್ಲ. ಹುಡುಗ ಸುಮ್ನೆ ಆಧಾರ್ ಕಾರ್ಡ್ ತಂದುಕೊಟ್ಟ.

ಎಲ್ಲಾ ಪಕ್ಷದ ಬೂತ್ ಏಜೆಂಟರಿಗೂ ನನ್ನ ನಮಸ್ಕಾರ. 2017ರ ಉಪಚುನಾವಣೆಯಲ್ಲಿ ಊರಿಗೆ ಊರೇ ಮಂತ್ರಿಗಳ ಕಾರುಗಳಿಂದ ತುಂಬಿತ್ತು. ನಿಮ್ಮ ನಿಮ್ಮಲ್ಲೇ ಮಾತು ನಿಂತುಹೋಗಿತ್ತು. ಆಗಲೂ ಪಟ್ಟಿ ಹಿಡಿದು ನಾನು ಬಂದರೆ ಒಂದೇ ಬೆಂಚಿನಲ್ಲಿ ಕೂತು, "ಇವರು ಇದ್ದಾರೆ, ಇವರು ಇಲ್ಲ" ಅಂತ ನಿಜ ಹೇಳಿದಿರಿ. ನಿಮಗೆ ಬೀಳದ ಓಟು ಅಂತ ಗೊತ್ತಿದ್ದೂ ಹೆಸರು ತಪ್ಪಿಸಲು ನೋಡಲಿಲ್ಲ. ಇದನ್ನು ಯಾರೂ ವೇದಿಕೆ ಮೇಲೆ ಹೇಳಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಬೇಸಿಗೆ ರಜೆಯಲ್ಲೂ ಮತದಾನದ ಹಿಂದಿನ ದಿನ ಶಾಲೆ ತೊಳೆದುಕೊಟ್ಟ ಆಯಾಗಳಿಗೆ, ಬೇರೆ ಊರಿಂದ ಬಂದ ಮತಗಟ್ಟೆ ಸಿಬ್ಬಂದಿಗೆ ಅಡುಗೆ ಮಾಡಿ ಹಾಕಿದ ಬಿಸಿಯೂಟದ ಅಕ್ಕಂದಿರಿಗೆ, ಚುನಾವಣೆ ಬಂದಾಗಲೆಲ್ಲ ತಿಂಗಳುಗಟ್ಟಲೆ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ ನನಗೆ ಅನ್ನ ಬಿಸಿ ಮಾಡಿಟ್ಟ ನಮ್ಮ ಯಜಮಾನರಿಗೆ, ಎಲ್ಲರಿಗೂ ಋಣಿ.

ಮೊನ್ನೆ ಹೊಸ ಬಿಎಲ್‌ಒಗೆ ಚೀಲ ಒಪ್ಪಿಸಿದೆ. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಈಗೆಲ್ಲ ಮೊಬೈಲ್ ಆ್ಯಪ್‌ನಲ್ಲೇ ಕೆಲಸ ಆಗುತ್ತೆ ಅಂದಳು. ಒಳ್ಳೆಯದಾಗಲಿ ಅಂದೆ. ಆದರೂ ಒಂದು ಹಳೆ ನೋಟುಪುಸ್ತಕ ಕೊಟ್ಟು, ಬೀಗ ಹಾಕಿದ ಹನ್ನೊಂದು ಮನೆಗಳ ಪುಟ ತೆಗೆದು ತೋರಿಸಿದೆ. "ಇವರನ್ನು ಈಗ ಹುಡುಕಬೇಡ. ತೇರಿನ ದಿನ ಮಧ್ಯಾಹ್ನದ ಮೇಲೆ ಹೋಗು. ಊಟ ಮಾಡದೆ ಹೋಗು, ಅವರು ಬಡಿಸ್ತಾರೆ."