ಮಗಳಿಗೆ ವರ್ಷ ತುಂಬಿದ ಹೊತ್ತಿಗೆ

ಮೊನ್ನೆ ನಮ್ಮ ಮಗಳಿಗೆ ಒಂದು ವರ್ಷ ತುಂಬಿತು. ಹರಸಿದವರಿಗೆಲ್ಲ ಬೇರೆ ಬೇರೆಯಾಗಿ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಸಿರಿನ 31ನೇ ವಾರಕ್ಕೇ ಅವಳು ಹುಟ್ಟಿದ್ದು, ಆಮೇಲೆ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಕಳೆದ ದಿನಗಳು, ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳಲಾರೆ.

ವೈದ್ಯರು, ಸಿಸ್ಟರ್‌ಗಳು, ಆಯಾಗಳು, ಹೊತ್ತಲ್ಲದ ಹೊತ್ತಿನಲ್ಲಿ ಮಂಡ್ಯದಿಂದ ಮೈಸೂರಿಗೆ ಕಾರು ತಂದ ಯಜಮಾನರ ಗೆಳೆಯರು, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ ಕಟ್ಟಿಕೊಂಡು ಸಿಟಿ ಬಸ್ಸು ಹತ್ತುತ್ತಿದ್ದ ನನ್ನಮ್ಮ, ರಜೆಗೆ ಒಂದು ಮಾತೂ ಆಡದ ಆಫೀಸಿನವರು, ಮನೆಗೆ ಬಂದ ಮೇಲೂ ತೂಕ ನೋಡಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆ: ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ಅಕ್ಕನ ವಿಷಯ. ನನ್ನ ಓರಗಿತ್ತಿ, ಭಾವನವರ ಹೆಂಡತಿ. ಪಾಂಡವಪುರದ ಕಡೆಯ ಹಳ್ಳಿ. ಡಿಸೆಂಬರ್ ಅಂದರೆ ಅಲ್ಲಿ ಭತ್ತದ ಕೊಯ್ಲು, ಮನೆ ತುಂಬ ಆಳುಕಾಳು. ಅದನ್ನೆಲ್ಲ ಬಿಟ್ಟು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದವರು, ಮಗು ಮನೆಗೆ ಬರುವ ತನಕ ಊರಿನ ಮುಖ ನೋಡಲಿಲ್ಲ.

ಆ ದಿನಗಳಲ್ಲಿ ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರಬೇಕಿತ್ತು. ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ ಇದ್ದಾಗ ಅಲ್ಲಿನ ವೈದ್ಯರು ಶುರುಮಾಡಿದ್ದಂತೆ. ಮೈಗೆ ಮೈ ತಾಗಿದರೆ ಮಗು ಮೈಶಾಖ ಕಾಪಾಡಿಕೊಳ್ಳುತ್ತದೆ, ಉಸಿರು, ಎದೆಬಡಿತ ಸ್ಥಿಮಿತಕ್ಕೆ ಬರುತ್ತವೆ. ನನಗೆ ಜ್ವರ ಏರಿದ ರಾತ್ರಿ ಒಳಗೆ ಬರಬೇಡಿ ಅಂದರು. ಯಜಮಾನರು ನನ್ನ ಹಾಸಿಗೆಯ ಪಕ್ಕದಿಂದ ಏಳುವ ಹಾಗಿರಲಿಲ್ಲ. ಮಗುವಂತೂ ಇದ್ದಕ್ಕಿದ್ದಂತೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಮನೆಯವರು ಯಾರಾದರೂ ಎತ್ತಿಕೊಳ್ಳಬಹುದು ಅಂತ ಸಿಸ್ಟರ್ ಹೇಳಿದ್ದೇ ತಡ, ಅಕ್ಕ ಬಳೆ, ಸರ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕಿ ಯಜಮಾನರ ಕೈಗಿಟ್ಟರು. ನನ್ನ ಹಣೆ ಮುಟ್ಟಿ, "ನೀ ಮನಿಕ್ಕೊ ಕಣವ್ವ, ನಾನವ್ನಿ" ಅಂದು ಒಳಗೆ ಹೋದರು.

ರಾತ್ರಿಯಿಡೀ ಆ ಕುರ್ಚಿಯಿಂದ ಎದ್ದಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರೂ ಕುಡಿದಿಲ್ಲ. ಮಾನಿಟರ್ ಕೂಗಿದಾಗಲೆಲ್ಲ ಸಿಸ್ಟರ್ ಬಂದು ಮಗುವಿನ ಅಂಗಾಲಿಗೆ ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದರಂತೆ, ಉಸಿರು ಮತ್ತೆ ಹಿಡಿಯಲೆಂದು. ಬೆಳಗಿನ ಜಾವದ ಹೊತ್ತಿಗೆ ಸಿಸ್ಟರ್ ಓಡಿ ಬರುವಷ್ಟರಲ್ಲಿ ಅಕ್ಕನ ಬೆರಳು ಆ ಅಂಗಾಲಿನ ಮೇಲಿರುತ್ತಿತ್ತಂತೆ. "ಪುಟ್ಟವ್ವ, ಉಸ್ರಾಡು" ಅಂತ ಕಿವಿಯಲ್ಲಿ ಹೇಳುತ್ತಲೇ ಇದ್ದರಂತೆ.

ಇದನ್ನು ಯಾರಿಗೂ ಹೇಳಿರಲಿಲ್ಲ: ಅಲ್ಲಿಯವರೆಗೆ ನಾನು ಮಗುವನ್ನು ಯಾವ ಹೆಸರಿಂದಲೂ ಕರೆದಿರಲಿಲ್ಲ. ನಾಮಕರಣದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಹೆಸರಿಟ್ಟರೆ ನಾಳೆ ಆ ಹೆಸರು ಹಿಡಿದು ಅಳಬೇಕಾದೀತು ಎಂಬ ಭಯ. ಬೆಳಗ್ಗೆ ಗಾಜಿನಾಚೆಯಿಂದ ನೋಡಿದರೆ ಅಕ್ಕನ ಕಣ್ಣು ಕೆಂಡವಾಗಿತ್ತು, ಮಗು ಅವರ ಎದೆಗೆ ಕೆನ್ನೆಯಿಟ್ಟು ಮಲಗಿತ್ತು. ನಾನೂ ಅವತ್ತೇ ಮೊದಲ ಸಲ ಪುಟ್ಟವ್ವ ಅಂದದ್ದು. ಗಾಜಿಗೆ ಹಣೆ ಕೊಟ್ಟು ಬಹಳ ಅತ್ತೆ.

ಆಮೇಲೆ ಸಂತೋಷ ಗ್ರಾಂ ಲೆಕ್ಕದಲ್ಲಿ ಬಂತು. ಬೆಳಗ್ಗೆ ತಕ್ಕಡಿಯಲ್ಲಿ 20 ಗ್ರಾಂ ಏರಿದ್ದರೆ ಇಡೀ ದಿನ ಹಬ್ಬ. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಕೂಡಿಬರುವುದು ಬಸಿರಿನ ಲೆಕ್ಕದಲ್ಲಿ 34ನೇ ವಾರದ ಸುಮಾರಿಗೆ. ಅಲ್ಲಿವರೆಗೆ ಮೊದಲು ನಳಿಕೆ, ಆಮೇಲೆ ಒಳಲೆ. ಒಳಲೆಯ ಮೂತಿಯನ್ನು ತುಟಿಯಂಚಿಗೆ ತಾಗಿಸಿ, ಗುಟುಕು ಇಳಿಯಿತಾ ಅಂತ ಕತ್ತನ್ನೇ ನೋಡುತ್ತಾ ಕೂರುವುದನ್ನು ಕಲಿಸಿದ್ದೂ ಅಕ್ಕನೇ. ಅವಳು ತಾನಾಗಿ ಎದೆಹಾಲು ಎಳೆದ ಆ ಮಧ್ಯಾಹ್ನದ ಸುಖಕ್ಕೆ ಸಮನಾದದ್ದು ನನ್ನ ಬದುಕಿನಲ್ಲಿ ಬೇರೆ ಇಲ್ಲ.

ಈಗ ಮಂಚ ಹಿಡಿದು ನಿಲ್ಲುತ್ತಾಳೆ. ರಾಗಿ ಸರಿಯ ಕೈಯನ್ನು ನನ್ನ ಮುಖಕ್ಕೆ ಒರೆಸಿ, ನಾನು ನಗುವ ತನಕ ಕಾಯ್ದು, ಆಮೇಲೆ ತಾನು ನಗುತ್ತಾಳೆ. ಇನ್ನೂ ನಡೆಯೋದಿಲ್ವಾ ಅಂತ ಕೇಳುವವರಿದ್ದಾರೆ. ಬೇಗ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಆ ಲೆಕ್ಕದಲ್ಲಿ ಅವಳಿಗೆ ಈಗ 10 ತಿಂಗಳು. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಇದೇ ದಾರಿಯಲ್ಲಿರುವ ತಾಯಂದಿರು ದಯವಿಟ್ಟು ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿಕೊಂಡು ಸಂಕಟಪಡಬೇಡಿ.

ಅಕ್ಕ, ನಿಮ್ಮ ಮಗ ಇದನ್ನು ಓದಿ ಹೇಳುತ್ತಾನೆ ಅಂತ ಗೊತ್ತು. ಎದುರಿಗೆ ಹೇಳಹೋದರೆ "ಇದ್ಯಾವ ದೊಡ್ ವಿಸ್ಯ ಬುಡು" ಅಂತ ಒಳಗೆ ಎದ್ದು ಹೋಗುತ್ತೀರಿ, ಅದಕ್ಕೇ ಎಲ್ಲರ ಮುಂದೆ ಬರೆದೆ. ಸಂಕ್ರಾಂತಿಗೆ ಊರಿಗೆ ಬರುತ್ತಿದ್ದೇವೆ. ದನಗಳಿಗೆ ಕಿಚ್ಚು ಹಾಯಿಸುವಾಗ ಪುಟ್ಟವ್ವ ನಿಮ್ಮ ಸೊಂಟದ ಮೇಲೇ ಇರಲಿ. ಅವತ್ತಿನ ಅಡುಗೆಯೆಲ್ಲ ನನ್ನದು.