ಅಬಿಂಗ್ಡನ್‌ನಿಂದ ಅಪ್ಪಾಜಿಗೆ: ಮರದ ಮೈಯ ಎಂ.ಜಿ. ಕಾರು

ಅಬಿಂಗ್ಡನ್, ಇಂಗ್ಲೆಂಡ್

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗ ಮಂಜುನಾಥ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಬೇಕು.

ಪಕ್ಕದ ಬೀದಿಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಶನಿವಾರಗಳಂದು ಹಳೆಯ ಕಾರೊಂದರ ಕೆಲಸಕ್ಕೆ ಕೈಜೋಡಿಸುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ, ಅದು ಯಾವ ಕಾರು, ಅದರಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಈ ಕಾಗದ ಬರೆಯುತ್ತಿದ್ದೇನೆ. ಕೊನೆಯಲ್ಲಿ ನಿಮ್ಮಿಂದ ಒಂದು ಸಲಹೆಯೂ ಬೇಕಾಗಿದೆ.

ಅದು 1948ರ ಎಂ.ಜಿ. ಕಂಪನಿಯ ಟಿಸಿ ಎಂಬ ಮಾದರಿಯ ಕಾರು. ಎರಡೇ ಸೀಟು, ತೆರೆದ ಮೈ, ಉದ್ದನೆಯ ಬಾನೆಟ್ಟು, 19 ಇಂಚಿನ ಕಡ್ಡಿ ಚಕ್ರಗಳು, ಹಿಂಬದಿಯ ಪೆಟ್ರೋಲ್ ಟ್ಯಾಂಕಿಗೆ ಒರಗಿ ನಿಂತ ಸ್ಟೆಪ್ನಿ. ನೀವು ಮೆಚ್ಚುವ ಸಂಗತಿಯೆಂದರೆ, ಹೊರಗಿನ ತಗಡನ್ನು ಬಿಚ್ಚಿದರೆ ಒಳಗೆ ಸಿಗುವುದು ಮರದ ಚೌಕಟ್ಟು. ನಮ್ಮ ಶೆಡ್ಡಿಗೆ ಕಂಪನಿಯಿಂದ ಬರೀ ಚಾಸಿ ಬಂದು ನಿಂತು, ಅದರ ಮೇಲೆ ನೀವು ಮತ್ತಿ, ಹೊನ್ನೆ ಮರಗಳನ್ನು ಕೂಡಿಸಿ ಲಾರಿಯ ಬಾಡಿ ಕಟ್ಟುತ್ತಿದ್ದಿರಲ್ಲ, ಇಲ್ಲಿಯೂ ಹೆಚ್ಚುಕಡಿಮೆ ಅದೇ ಕ್ರಮ. ಬಾಡಿಯೂ ಇಂಜಿನ್ನೂ ಕೊವೆಂಟ್ರಿ ಎಂಬ ನಗರದಲ್ಲಿ ತಯಾರಾಗಿ ಬಂದು, ಈ ಊರಿನ ಕಾರ್ಖಾನೆಯಲ್ಲಿ ಚಾಸಿಯ ಮೇಲೆ ಕೂರುತ್ತಿದ್ದವು. ಮರ ಆ್ಯಶ್ ಎಂಬ ಜಾತಿಯದು. ಕ್ರಿಕೆಟ್ ಸ್ಟಂಪುಗಳಿಗೂ ಗುದ್ದಲಿಯ ಕಾವುಗಳಿಗೂ ಇಲ್ಲಿಯವರು ಬಳಸುವ, ಅದುರಿಗೆ ಬಾಗಿದರೂ ಬೇಗ ಮುರಿಯದ ಮರ.

ಎಂ.ಜಿ. ಎಂಬುದು ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳು. ಸೈಕಲ್ ರಿಪೇರಿಯಿಂದ ಬದುಕು ಆರಂಭಿಸಿದ ವಿಲಿಯಂ ಮಾರಿಸ್ ಅವರು ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಗ್ಯಾರೇಜು ಅದು. ಅಲ್ಲಿ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಅವರು 1920ರ ದಶಕದಲ್ಲಿ ಸಾಮಾನ್ಯ ಮಾರಿಸ್ ಕಾರುಗಳ ಚಾಸಿಯ ಮೇಲೆ ಅಂದವಾದ ಹಗುರ ಬಾಡಿಗಳನ್ನು ಕೂರಿಸಿ ಮಾರತೊಡಗಿದರು. ಕೆಲಸ ಬೆಳೆದು, 1929ರಲ್ಲಿ ಕಾರ್ಖಾನೆ ಅಬಿಂಗ್ಡನ್‌ಗೆ ಬಂತು. ಯುದ್ಧಕಾಲದಲ್ಲಿ ಇಲ್ಲಿ ಕಾರು ತಯಾರಿಕೆ ನಿಂತು, ಟ್ಯಾಂಕುಗಳ ದುರಸ್ತಿ ನಡೆಯಿತು. ಕಿಂಬರ್ ಅವರು 1941ರಲ್ಲಿ ಕಂಪನಿ ಬಿಡಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಟಿಸಿ ಹೊರಬಂತು. ಅವರು ಹಾಕಿಕೊಟ್ಟ ದಾರಿಯ ಅತ್ಯುತ್ತಮ ಫಲವನ್ನು ಅವರೇ ನೋಡಲಾಗಲಿಲ್ಲವೆಂಬುದು ನನ್ನ ಮನಸ್ಸನ್ನು ಬಹಳ ಕಲಕುತ್ತದೆ.

ಹೊಸ ಕಾರು ರೂಪಿಸುವಷ್ಟು ಸಮಯವೂ ಹಣವೂ ಆಗ ಇರಲಿಲ್ಲ. 1939ರ ಟಿಬಿ ಎಂಬ ಮಾದರಿಯನ್ನೇ ತೆಗೆದುಕೊಂಡು, ಕೂರುವ ಜಾಗವನ್ನು ನಾಲ್ಕು ಇಂಚು ಅಗಲ ಮಾಡಿ, ಕಮಾನು ಪಟ್ಟಿಗಳ ಜೋಡಣೆಯನ್ನು ಸುಧಾರಿಸಿ ಮಾರಾಟಕ್ಕಿಟ್ಟರು. ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿನಲ್ಲಿ ಹೊರದೇಶಕ್ಕೆ ಸರಕು ಕಳಿಸುವ ಕಾರ್ಖಾನೆಗೇ ಉಕ್ಕು ಸುಲಭವಾಗಿ ಸಿಗುತ್ತಿದ್ದುದರಿಂದ, 1949ರ ಕೊನೆಯವರೆಗೆ ತಯಾರಾದ 10,000 ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗು ಹತ್ತಿದವು. ಅಮೆರಿಕಕ್ಕೆ ಹೋದವು ಸುಮಾರು 2,000 ಮಾತ್ರ. ಸ್ಟಿಯರಿಂಗ್ ನಮ್ಮಲ್ಲಿಯಂತೆ ಬಲಗಡೆಗೇ ಇದ್ದರೂ ಅಲ್ಲಿನ ಯುವಕರು ಅದನ್ನು ಲೆಕ್ಕಿಸದೆ ಕೊಂಡು ರೇಸಿಗಿಳಿಸಿದರು. ಮುಂದೆ 1961ರಲ್ಲಿ ವಿಶ್ವ ಚಾಂಪಿಯನ್ ಆದ ಫಿಲ್ ಹಿಲ್ ಕೂಡ ಆರಂಭದಲ್ಲಿ ಓಡಿಸಿದ್ದು ಟಿಸಿಯನ್ನೇ.

ಇಂಜಿನ್ 1250 ಸಿಸಿಯದು, 54 ಅಶ್ವಶಕ್ತಿ, ಎರಡು ಕಾರ್ಬ್ಯುರೇಟರ್. ಗಂಟೆಗೆ 120 ಕಿಲೋಮೀಟರಿನ ಆಸುಪಾಸು ಇದರ ಮಿತಿ. ಇಂದಿನ ಸಣ್ಣ ಕಾರುಗಳೂ ಇದನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಚಾಲಕನ ಕಣ್ಣೆದುರಿಗೆ ಇರುವುದು ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು. ವೇಗದ ಮೀಟರು ಪಕ್ಕದ ಸೀಟಿನವರ ಎದುರಿಗಿದೆ. ಇಂಜಿನ್ನಿನ ಬೋಲ್ಟುಗಳಲ್ಲಂತೂ ಒಂದು ಇತಿಹಾಸವೇ ಅಡಗಿದೆ. ಬೋಲ್ಟಿನ ತಲೆ ಇಂಗ್ಲೆಂಡಿನ ವಿಟ್ವರ್ತ್ ಎಂಬ ಇಂಚಿನ ಅಳತೆಯ ಪಾನಾಗೆ ಕೂರುತ್ತದೆ, ಥ್ರೆಡ್ಡು ಮಾತ್ರ ಮಿಲಿಮೀಟರ್ ಲೆಕ್ಕದ್ದು. ಕೊವೆಂಟ್ರಿಯ ಆ ಇಂಜಿನ್ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದಾಗಿದ್ದು, 1923ರಲ್ಲಿ ಮಾರಿಸ್ ಕೊಂಡ ಮೇಲೂ ಅಲ್ಲಿ ಅದೇ ಥ್ರೆಡ್ಡು ಮುಂದುವರಿಯಿತು. ಮೆಕ್ಯಾನಿಕ್‌ಗಳ ಕೈಯಲ್ಲಿದ್ದ ಪಾನಾ ಮಾತ್ರ ಇಂಗ್ಲಿಷ್ ಅಳತೆಯದು. ಗೊತ್ತಿಲ್ಲದವರು ಅಂಗಡಿಯಿಂದ ತಂದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಇಂಜಿನ್ ಬ್ಲಾಕಿನ ಥ್ರೆಡ್ಡೇ ಹಾಳಾಗುತ್ತದೆ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಈ ಕಾರಿನ ಬಾಗಿಲುಗಳಿಗೆ ಹಿಂಬದಿಯಲ್ಲಿ ಕೀಲು. ಬಾಗಿಲಿನ ಭಾರವೆಲ್ಲ ಹಿಂದಿನ ಕಂಬದ ಮೇಲೆ ಬೀಳುತ್ತದೆ. ತಗಡಿನ ಅಂಚನ್ನು ಮಡಚಿ ಮರಕ್ಕೆ ಸಣ್ಣ ಮೊಳೆಗಳಿಂದ ಬಡಿದಿರುವುದರಿಂದ, ಮಳೆಯ ನೀರು ಆ ಸಂದಿನಲ್ಲಿ ಇಳಿದು ಕಂಬದ ಬುಡದಲ್ಲಿ ನಿಲ್ಲುತ್ತದೆ. ಎಡಗಡೆಯ ಕಂಬದ ಬುಡಕ್ಕೆ ಸ್ಕ್ರೂ ಡ್ರೈವರ್ ಚುಚ್ಚಿದಾಗ ಹೆಬ್ಬೆರಳಿನುದ್ದ ಸಲೀಸಾಗಿ ಒಳಗೆ ಹೋಯಿತು. ಸುಮಾರು ಎಂಟು ಇಂಚು ಮರ ಲಡ್ಡಾಗಿದೆ. ಅದರ ಮೇಲಿನ ಮರ ಮಾತ್ರ ಬೆರಳಿನಿಂದ ಬಡಿದರೆ ಠಣ್ ಎನ್ನುವಷ್ಟು ಗಟ್ಟಿಯಾಗಿದೆ, ಒಳಮೈಯಲ್ಲಿ ಬಡಗಿಯ ಪೆನ್ಸಿಲ್ ಗೆರೆಯೂ ಅಳಿಯದೆ ಉಳಿದಿದೆ.

ಹೊಸ ಆ್ಯಶ್ ಮರದಲ್ಲಿ ಇಡೀ ಚೌಕಟ್ಟನ್ನೇ ಸಿದ್ಧಮಾಡಿ ಮಾರುವವರಿದ್ದಾರೆ. ಹಳೆಯದನ್ನೆಲ್ಲ ಕಿತ್ತೆಸೆದು ಅದನ್ನೇ ತರಿಸುವುದು ಸುಲಭವೆಂದು ಹಲವರು ಸಲಹೆ ಕೊಟ್ಟರು. ನನಗೂ ಕಾರಿನ ಯಜಮಾನರಿಗೂ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಕೈಯಲ್ಲಿ ಉಳಿಯುವುದು ಹಳೆಯ ನಂಬರ್ ಪ್ಲೇಟ್ ಹೊತ್ತ ಹೊಸ ಕಾರು. ಚಾಸಿ ನಂಬರುಗಳನ್ನು ಇಲ್ಲಿ 251ರಿಂದ ಶುರುಮಾಡಿದ್ದರು, ಏಕೆಂದರೆ ಕಾರ್ಖಾನೆಯ ಫೋನ್ ನಂಬರು ಅದೇ ಆಗಿತ್ತು. ತಾವು ಮಾಡಿದ ಕಾರಿನ ಮೇಲೆ ಅಷ್ಟು ಮಮತೆ ಇಟ್ಟುಕೊಂಡಿದ್ದ ಕೆಲಸಗಾರರ ಕೈಗುರುತನ್ನು, ಗಟ್ಟಿಯಾಗಿರುವಾಗಲೇ, ಒಲೆಗೆ ಹಾಕುವುದು ಸರಿಯಲ್ಲ. ಕಾರ್ಖಾನೆಯೇ 1980ರಲ್ಲಿ ಮುಚ್ಚಿತು. ಅದರ ಹಳೆಯ ಜಾಗದ ಪಕ್ಕದಲ್ಲೇ ಕಿಂಬರ್ ಅವರ ಹೆಸರಿನ ಮನೆಯಲ್ಲಿ, 1930ರಲ್ಲಿ ಆರಂಭವಾದ ಎಂ.ಜಿ. ಕಾರ್ ಕ್ಲಬ್ ಇಂದಿಗೂ ನಡೆಯುತ್ತಿದೆ.

ಆದ್ದರಿಂದ ಲಡ್ಡಾದಷ್ಟನ್ನೇ ಕಡಿದು, ಅಲ್ಲಿಗೆ ಹೊಸ ಆ್ಯಶ್ ತುಂಡನ್ನು ಕೂಡಿಸಬೇಕೆಂದಿದ್ದೇವೆ. ಲಾರಿ ಬಾಡಿಗಳ ಮೂಲೆಕಂಬಗಳನ್ನು ಮುರಿದಷ್ಟೇ ಬದಲಿಸಿ ನೀವು ಎಷ್ಟೋ ಸಲ ನಿಲ್ಲಿಸಿದ್ದೀರಿ. ಬಾಗಿಲಿನ ಎಳೆತ ತಡೆಯಬೇಕಾದ ಈ ಕಂಬಕ್ಕೆ ಉದ್ದನೆಯ ಓರೆ ಕಡಿತ ಒಳ್ಳೆಯದೋ, ಅಥವಾ ಅರ್ಧಕ್ಕರ್ಧ ಕಡಿದು ಒಂದರ ಮೇಲೊಂದು ಕೂರಿಸುವುದೋ? ಓರೆಯಾದರೆ ಕಂಬದ ದಪ್ಪದ ಎಷ್ಟು ಪಟ್ಟು ಉದ್ದ ಇಡಬೇಕು? ಅಂಟಿನ ಜೊತೆಗೆ ಮರದ ಗೂಟ ಹೊಡೆಯಬೇಕೋ, ಸ್ಕ್ರೂ ಸಾಕೋ? ಅಳತೆಗಳನ್ನು ಬರೆದ ನಕ್ಷೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅದರ ಮೇಲೆಯೇ ನೀವು ಗೆರೆ ಎಳೆದು ಕೊಟ್ಟರೆ ತಮ್ಮನು ಅದರ ಫೋಟೊ ತೆಗೆದು ಕಳಿಸುತ್ತಾನೆ. ನಿಮ್ಮ ಉತ್ತರ ಬರುವವರೆಗೆ ಆ ಕಂಬಕ್ಕೆ ಗರಗಸ ಮುಟ್ಟಿಸುವುದಿಲ್ಲವೆಂದು ಯಜಮಾನರು ಹೇಳಿದ್ದಾರೆ.

ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಮಗ,
ಮಂಜುನಾಥ