ಇಂಗ್ಲೆಂಡಿನ ವಾಲ್ತಮ್ ಕ್ರಾಸ್‌ನ ರಾಣಿ ಶಿಲುಬೆ ಬಗ್ಗೆ ನಮ್ಮ ಕೌನ್ಸಿಲರ್ ಮೇಡಂಗೆ ಬಹಿರಂಗ ಪತ್ರ

ಮೇಡಂ, ನಮಸ್ಕಾರ. ಇದನ್ನೇ ಇಂಗ್ಲಿಷಲ್ಲಿ ನಿಮಗೆ ಮೇಲ್ ಮಾಡಿದ್ದೀನಿ, ಕನ್ನಡದಲ್ಲೂ ಹಾಕ್ತಿರೋದು ಈ ಕಡೆ ಇರೋ ನಮ್ಮೋರು ಓದಿ ಜೊತೆಗೆ ಸಹಿ ಹಾಕ್ಲಿ ಅಂತ.

ಪೇಟೆ ಮಧ್ಯ ನಿಂತಿರೋ ಆ ಕಲ್ಲಿನ ಶಿಲುಬೆನ ನಾನು ಮೂರು ವರ್ಷ ಯಾವುದೋ ಹಳೇ ಚರ್ಚಿನ ಗೋಪುರ ಅಂದ್ಕೊಂಡು ತರಕಾರಿ ಬ್ಯಾಗ್ ಹಿಡ್ಕೊಂಡು ಪಕ್ಕದಲ್ಲೇ ಓಡಾಡ್ತಿದ್ದೆ. ಒಂದಿನ ಮಗಳು ಕೆಳಗಡೆ ಕೆತ್ತಿರೋ ಗುರಾಣಿ ತೋರ್ಸಿ, ಅಮ್ಮಾ ಇಲ್ಲೊಂದು ಕೋಟೆ, ಪಕ್ಕ ಸಿಂಹ, ಅದ್ರ ಕೆಳಗೆ ಮತ್ತೆ ಸಿಂಹ, ಕೋಟೆ, ಯಾಕೆ ಹಿಂಗೆ ಅಂತ ಕೇಳಿದ್ಲು, ನನಗೆ ಹೇಳಕ್ಕೆ ಬರ್ಲಿಲ್ಲ. ಮನೆಗೆ ಬಂದು ಓದಿದ್ಮೇಲೆ ಗೊತ್ತಾಯ್ತು, ಕೋಟೆ ಅಂದ್ರೆ ಕ್ಯಾಸ್ಟೈಲ್, ಸಿಂಹ ಅಂದ್ರೆ ಲಿಯೋನ್, ಎರಡೂ ಸ್ಪೇನ್ ಕಡೆಯ ಹಳೇ ರಾಜ್ಯಗಳು, ಅದು ಅಲ್ಲಿಂದ ಮದುವೆಯಾಗಿ ಬಂದ ಎಲೆನರ್ ರಾಣಿಯ ತವರಿನ ಗುರುತು. ಸತ್ತ ಮೇಲೂ ತವರನ್ನ ಅವಳ ಕಲ್ಲಲ್ಲಿ ಉಳಿಸಿದಾರಲ್ಲ ಅಂತ ಕಣ್ಣು ತುಂಬಿ ಬಂತು, ತವರು ಬಿಟ್ಟು ಇಷ್ಟು ದೂರ ಬಂದೋರಿಗೆ ಅದು ಗೊತ್ತಾಗತ್ತೆ.

ಎಲೆನರ್ ರಾಣಿ 1290ರ ನವೆಂಬರ್ 28ಕ್ಕೆ ಲಿಂಕನ್ ಹತ್ರದ ಹಾರ್ಬಿಯಲ್ಲಿ ತೀರ್ಕೊಂಡ್ಲು. ಅವಳ ದೇಹನ ಹೂಳಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ ತರೋವಾಗ ರಾತ್ರಿ ಎಲ್ಲೆಲ್ಲಿ ತಂಗಿದ್ರೋ ಅಲ್ಲೆಲ್ಲಾ ಗಂಡ, ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್, ಒಂದೊಂದು ಶಿಲುಬೆ ನಿಲ್ಲಿಸಿದ, ಒಟ್ಟು 12. ಈಗ ಉಳಿದಿರೋದು ಮೂರೇ, ಗೆಡ್ಡಿಂಗ್ಟನ್‌ದು, ಹಾರ್ಡಿಂಗ್‌ಸ್ಟನ್‌ದು, ನಮ್ಮದು. ಲಂಡನ್ನಿನ ಚಾರಿಂಗ್ ಕ್ರಾಸ್‌ದನ್ನ 1647ರಲ್ಲೇ ಕೆಡವಿದ್ರು, ಅಲ್ಲಿ ಸ್ಟೇಷನ್ ಮುಂದೆ ಇರೋದು ವಿಕ್ಟೋರಿಯಾ ಕಾಲದಲ್ಲಿ ಹೊಸದಾಗಿ ಕಟ್ಟಿದ್ದು. ನಮ್ಮ ಶಿಲುಬೆಯಲ್ಲೂ ರಿಪೇರಿ ಆಗಿ ಆಗಿ ಹೊಸ ಕಲ್ಲು ಬಹಳ ಸೇರಿದೆ, ಮೇಲೆ ನಿಂತಿರೋ ರಾಣಿ ವಿಗ್ರಹಗಳು ನಕಲು, ಅಸಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿವೆ. ಆದ್ರೆ ಜಾಗ ಅದೇ ಮೇಡಂ, ಊರಿಗೆ ಹೆಸರು ಬಂದಿದ್ದೂ ಅದ್ರಿಂದಾನೇ.

ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿತ್ತು. ದನ ಬಿಡಿಸ್ಕೊಂಡು ಬರಕ್ಕೆ ಹೋಗಿ ಸತ್ತೋನ ಕಲ್ಲು ಅಂತ ಅಜ್ಜಿ ಹೇಳಿದ್ಲು, ಅವತ್ತಿಂದ ನಾವು ಯಾರೂ ಅದನ್ನ ಹತ್ತಿ ಕೂತಿಲ್ಲ. ಕಥೆ ಗೊತ್ತಾದ್ರೆ ಕಲ್ಲಿಗೆ ಮರ್ಯಾದೆ ತಾನಾಗೇ ಬರತ್ತೆ ಮೇಡಂ.

ಈ ಪೇಟೆಗೆ ಎಷ್ಟು ದೇಶದೋರು ಬರ್ತಾರೆ ನೀವೇ ನೋಡ್ತೀರ. ಅವರ ಭಾಷೆಗಳಲ್ಲೂ ಈ ಕಥೆ ಹೇಳೋ ಒಂದು ಬೋರ್ಡ್ ಹಾಕ್ಸಿ, ಗುರಾಣಿಗಳ ಚಿತ್ರ ಮಕ್ಕಳ ಕಣ್ಣಿನ ಎತ್ತರಕ್ಕಿರ್ಲಿ. ಪ್ರತಿ ವರ್ಷ ನವೆಂಬರ್ 28ಕ್ಕೆ ಇಲ್ಲಿನ ಸ್ಕೂಲ್ ಮಕ್ಕಳನ್ನ ಅರ್ಧ ಗಂಟೆ ಇಲ್ಲಿಗೆ ಕರ್ಕೊಂಡು ಬರೋ ಹಾಗೆ ಮಾಡಿ. ಅವತ್ತು ಹೂವು ನಾನು ತರ್ತೀನಿ.